ಹನ್ನೆರಡು ಚೀಟಿಗಳಿಗೆ ನನ್ನ ಸಮಜಾಯಿಷಿ

ನಾನು ಮೇಷ್ಟ್ರಾದದ್ದು ಯಾರ ತಪ್ಪೂ ಅಲ್ಲ. ಬಸ್ಸುಗಳ ಬಾಗಿಲಲ್ಲಿ ಟಿಕೆಟ್ ಕೊಡುವ ಪೆಟ್ಟಿಗೆಯೊಂದನ್ನು ಕೂರಿಸಿದರು. ಆ ಪೆಟ್ಟಿಗೆ ಚಿಲ್ಲರೆ ಇಲ್ಲವೆಂದು ಜಗಳವಾಡುವುದಿಲ್ಲ, ರಜೆ ಕೇಳುವುದಿಲ್ಲ, ಅದಕ್ಕೆ ಸೊಂಟನೋವೂ ಬರುವುದಿಲ್ಲ. ಇಪ್ಪತ್ತೆರಡು ವರ್ಷ ಕಂಡಕ್ಟರಾಗಿದ್ದ ನನ್ನಂಥವರನ್ನು ಏನು ಮಾಡುವುದೆಂದು ಮೇಲಿನವರು ಬಹಳ ಯೋಚಿಸಿ, ಒಂದು ಫಾರಂ ಕೊಟ್ಟರು. ಅದರಲ್ಲಿ ಮೂರು ಕೆಲಸ: ಉದ್ಯಾನದ ಕಾವಲು, ನೀರಿನ ಟ್ಯಾಂಕಿನ ಕಾವಲು, ಶಿಶುವಿಹಾರದ ಶಿಕ್ಷಕ. ಮೊದಲೆರಡರಲ್ಲಿ ಮಾತಾಡಲು ಯಾರೂ ಸಿಗುವುದಿಲ್ಲ. ಮಾತಿಲ್ಲದ ಕೆಲಸಕ್ಕೆ ಹೋದರೆ ಕಂಡಕ್ಟರಾದವನು ಒಂದೇ ವಾರದಲ್ಲಿ ಗೋಡೆಗೆ ಟಿಕೆಟ್ ಹರಿಯಲು ಶುರು ಮಾಡುತ್ತಾನೆ. ಹಾಗಾಗಿ ಮೂರನೆಯದಕ್ಕೆ ಗುರುತು ಹಾಕಿದೆ.

ಆರು ತಿಂಗಳು ತರಬೇತಿಯಾಯಿತು. ಬಣ್ಣದ ಕಾಗದ ಕತ್ತರಿಸಲು ಕಲಿತೆ, ಕಪ್ಪೆಯ ಹಾಡು ಕಲಿತೆ. ನೆಲದ ಮೇಲೆ ಕೂತು ಯಾರ ಸಹಾಯವೂ ಇಲ್ಲದೆ ಏಳುವುದನ್ನು ಮಾತ್ರ ಕಲಿಯಲಾಗಲಿಲ್ಲ. ಸ್ವಲ್ಪ ಬಡಾಯಿಯನ್ನೂ ಕೊಚ್ಚಿಕೊಂಡೆ, ಒಪ್ಪಿಕೊಳ್ಳುತ್ತೇನೆ. ಬೀದಿಯಲ್ಲಿ ಎಲ್ಲರಿಗೂ ಮೇಷ್ಟ್ರಾಗಿದ್ದೇನೆ ಎಂದೆ, ಎಷ್ಟು ವಯಸ್ಸಿನವರಿಗೆ ಎಂದು ಹೇಳಲಿಲ್ಲ. "ಯಾವ ಸಬ್ಜೆಕ್ಟು?" ಎಂದು ಎದುರುಮನೆಯಾಕೆ ಕೇಳಿದಾಗ "ಎಲ್ಲಾ ಸಬ್ಜೆಕ್ಟೂ ನಾನೇ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಾರನೆಯ ದಿನವೇ ಆಕೆ ಕಾಲೇಜಿಗೆ ಹೋಗುವ ಮಗಳನ್ನು ರಸಾಯನಶಾಸ್ತ್ರದ ಪುಸ್ತಕದ ಸಮೇತ ನಮ್ಮ ಮನೆಗೆ ಕಳಿಸಿದರು. ನನ್ನ ಹೆಂಡತಿ ಬಾಗಿಲಲ್ಲೇ ನಿಂತು, "ಅವರು ಹೇಳ್ಕೊಡೋದು ಬೇರೆ ಮಟ್ಟದ್ದಮ್ಮ, ನಿಂಗೆ ಅರ್ಥ ಆಗಲ್ಲ" ಎಂದು ಸಾಗಹಾಕಿದಳು. ಆಮೇಲೆ ಒಳಗೆ ಬಂದು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ನಮ್ಮ ಶಿಶುವಿಹಾರ ಒಂದೇ ದೊಡ್ಡ ಕೋಣೆ. ಅಲ್ಲಿ ಎಲ್ಲವೂ ನನ್ನ ಮಂಡಿಯ ಎತ್ತರಕ್ಕಿತ್ತು: ಕುರ್ಚಿ, ಮೇಜು, ಕೈ ತೊಳೆಯುವ ನಲ್ಲಿ, ಬ್ಯಾಗು ನೇತುಹಾಕುವ ಗೂಟ. ಕೊನೆಗೆ ಮಕ್ಕಳು ಕೂಡ. ಒಟ್ಟು ಇಪ್ಪತ್ತೊಂದು ಮಕ್ಕಳು, ಮೂರರಿಂದ ಐದು ವರ್ಷದವರು. ಹೆಸರುಗಳನ್ನು ನೆನಪಿಟ್ಟುಕೊಳ್ಳುವವರೆಗೆ ಅವರನ್ನು ಸೀಟಿನಿಂದ ಗುರುತಿಸಿಕೊಂಡೆ. ಸದಾ ಕಿಟಕಿಯ ಪಕ್ಕ ಕೂರುವ ಹುಡುಗಿ ಕಿಟಕಿಸೀಟು. ಬ್ಯಾಗನ್ನು ಹೆಗಲಿಂದ ಇಳಿಸದೆ, ಒಳಗೂ ಬಾರದೆ, ಹೊರಗೂ ಹೋಗದೆ ಬಾಗಿಲಲ್ಲೇ ನಿಲ್ಲುವ ಪುಟ್ಟ ಹುಡುಗ ಫುಟ್‌ಬೋರ್ಡು. ಹನ್ನೆರಡು ವಾರ ನನ್ನ ಪರೀಕ್ಷೆಯ ಅವಧಿ. ಅದು ಮುಗಿದ ಮೇಲೆ ಇಲಾಖೆಯ ಸಾಹೇಬರು ಬಂದು ನೋಡಿ, ನನ್ನನ್ನು ಖಾಯಂ ಮಾಡಬೇಕೋ ನೀರಿನ ಟ್ಯಾಂಕಿಗೆ ಕಳಿಸಬೇಕೋ ನಿರ್ಧರಿಸುವುದೆಂದು ಆದೇಶದಲ್ಲಿ ಬರೆದಿತ್ತು.

ಹೊಸ ಶಿಕ್ಷಕರಿಗೆಲ್ಲ ಒಬ್ಬ ಹಿರಿಯ ಶಿಕ್ಷಕಿ ಮಾರ್ಗದರ್ಶನ ಮಾಡುತ್ತಾರೆ. ನನ್ನ ಪಾಲಿಗೆ ಬಂದವರನ್ನು ಊರಿನ ಶಿಶುವಿಹಾರಗಳಲ್ಲೆಲ್ಲ 'ಹಿಂದಿನ ಕುರ್ಚಿ ಮೇಡಂ' ಎನ್ನುತ್ತಿದ್ದರು. ತೆಳ್ಳಗಿನ, ಹೆಚ್ಚು ಮಾತಿಲ್ಲದ ಹೆಂಗಸು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ, ಈಗ ಪಾಠ ಹೇಳುವವರನ್ನು ನೋಡುತ್ತಿದ್ದರು. ಕೋಣೆಯ ಹಿಂದೆ ಮಕ್ಕಳ ಕುರ್ಚಿಯೊಂದನ್ನು ಎಳೆದುಕೊಂಡು ಕೂತರೆ ಮುಗಿಯಿತು, ಗೋಡೆಗೂ ಅವರಿಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಮಕ್ಕಳು ಅವರ ಮಡಿಲಲ್ಲಿ ಆಟದ ಲಾರಿ ಓಡಿಸುತ್ತಿದ್ದರು, ತಲೆಯ ಮೇಲೆ ಕಾಗದದ ಹೂವಿಡುತ್ತಿದ್ದರು. ಅವರು ಹೂವನ್ನು ಹಾಗೇ ಇಟ್ಟುಕೊಂಡು ಪೆನ್ಸಿಲಿನಲ್ಲಿ ಬರೆಯುತ್ತಲೇ ಇರುತ್ತಿದ್ದರು. ಅಷ್ಟು ಚೆನ್ನಾಗಿ ಸುಮ್ಮನಿರುವ ಮನುಷ್ಯರನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಯಾವ ಬಸ್ಸಿನಲ್ಲೂ ನೋಡಿರಲಿಲ್ಲ. ಮೊದಲ ದಿನವೇ ನನಗೆ ಅವರ ಮೇಲೆ ಭಕ್ತಿಯೂ ಭಯವೂ ಒಟ್ಟಿಗೆ ಹುಟ್ಟಿದವು.

"ವಾರಕ್ಕೊಂದು ಚೀಟಿ ಕೊಡ್ತೀನಿ ಮೇಷ್ಟ್ರೇ," ಎಂದರು ಅವರು. "ಯೋಚನೆ ಮಾಡಿ ಬರೆದುಕೊಡಿ."

ಶುಕ್ರವಾರ ಮಕ್ಕಳು ಮನೆಗೆ ಹೋದ ಮೇಲೆ ಮಡಿಸಿದ ಚೀಟಿಯೊಂದನ್ನು ನನ್ನ ಕೈಗಿಟ್ಟು ಹೋದರು. ಬಿಡಿಸಿ ನೋಡಿದೆ. ಒಂದೇ ಸಾಲು: 'ಹಾಡಿನ ಹೊತ್ತಿನಲ್ಲಿ ಕಿಟಕಿಯ ಪಕ್ಕದ ಮಗು ಏನು ನೋಡುತ್ತಿತ್ತು?'

ಚೀಟಿಯನ್ನು ಯಾರೂ ಕಾಣದಂತೆ ಜೇಬಿಗೆ ತುರುಕಿಕೊಂಡೆ. ಕಾರಣ ಹೇಳಬೇಕು. ನಾನಿದ್ದ ಬಸ್ ಡಿಪೋದಲ್ಲಿ ಪ್ರಶ್ನೆಯನ್ನು ಯಾರೂ ಪ್ರಶ್ನೆ ಎಂದು ತಿಳಿಯುತ್ತಿರಲಿಲ್ಲ. 'ಎರಡನೇ ನಿಲ್ದಾಣದಲ್ಲಿ ಬಸ್ಸು ಎಷ್ಟು ಹೊತ್ತು ನಿಂತಿತ್ತು?' ಎಂದು ಕಾಗದ ಬಂತೆಂದರೆ, ಎಷ್ಟು ಹೊತ್ತು ನಿಂತಿತ್ತೆಂದು ಅವರಿಗೆ ಗೊತ್ತಿದೆ. ಈಗ ನಿನ್ನ ಕುತ್ತಿಗೆಯ ಅಳತೆ ತೆಗೆದುಕೊಳ್ಳುತ್ತಿದ್ದಾರೆ ಎಂದರ್ಥ. ಅದಕ್ಕೆ ಮೆಮೋ ಎನ್ನುತ್ತಾರೆ. ಮೆಮೋಗೆ ಸಮಜಾಯಿಷಿ ಬರೆದುಕೊಡಬೇಕು. ಕೊಟ್ಟವರ ಹತ್ತಿರ ಹೋಗಿ 'ಇದೇನು ಸ್ವಾಮಿ' ಎಂದು ಕೇಳಿದವನಿಗೆ ಇನ್ನೊಂದು ಮೆಮೋ ಬರುತ್ತದೆ.

ಮನೆಗೆ ಹೋದವನೇ ಮಹಡಿ ಹತ್ತಿ, ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಯೂನಿಯನ್ ಅಣ್ಣನ ಮುಂದೆ ಚೀಟಿ ಇಟ್ಟೆ. ಅಣ್ಣ ಡಿಪೋ ನೌಕರರ ಸಂಘಕ್ಕೆ ಹದಿನಾರು ವರ್ಷ ಕಾರ್ಯದರ್ಶಿಯಾಗಿದ್ದವರು. ನಿವೃತ್ತರಾದ ಮೇಲೆ ಹೋರಾಡಲು ಯಾರೂ ಇಲ್ಲದೆ, ನೀರಿನ ಪಂಪಿನ ವಿಷಯಕ್ಕೆ ಮನೆ ಮಾಲೀಕರ ಜೊತೆ ಹೇಗೋ ಕಾಲ ಹಾಕುತ್ತಿದ್ದರು. ಚೀಟಿಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಹತ್ತು ವರ್ಷ ಕಡಿಮೆಯಾದಂತೆ ಕಂಡಿತು.

"ತಮ್ಮಾ, ಭಾಳ ಚಾಲಾಕಿ ಹೆಂಗಸು," ಎಂದರು. "ನೋಡು, ಇದು ಎರಡು ಬಾಗಿಲ ಬೋನು. 'ಗೊತ್ತಿಲ್ಲ' ಅಂತ ಬರೆದ್ಯಾ, ಮಗೂನ ನೋಡ್ಕೊಳ್ಳಿಲ್ಲ ಅಂತ ಆಯ್ತು. 'ಗೊತ್ತು' ಅಂತ ಬರೆದ್ಯಾ, ಗೊತ್ತಿದ್ದೂ ಹಾಡಿಸ್ಲಿಲ್ಲ ಅಂತ ಆಯ್ತು."

"ಹಾಗಾದ್ರೆ ಏನಣ್ಣಾ ಬರೀಲಿ?"

"ಸ್ಥಳ ಪರಿಶೀಲನೆ ಮಾಡು. ಕಣ್ಣಾರೆ ನೋಡಿದ್ದಷ್ಟೇ ಬರಿ. ಒಂದಕ್ಷರ ಹೆಚ್ಚಿಗೆ ಬೇಡ, ಒಂದಕ್ಷರ ಕಡಿಮೆ ಬೇಡ. ಸತ್ಯಕ್ಕೆ ಯಾವನೂ ಮೆಮೋ ಕೊಡೋಕಾಗಲ್ಲ."

ಬಟ್ಟೆ ಮಡಿಸುತ್ತಾ ಮೆಟ್ಟಿಲ ಮೇಲೆ ನಿಂತಿದ್ದ ನನ್ನ ಹೆಂಡತಿ, "ಅಲ್ಲ ರೀ, ಆಯಮ್ಮ ಸುಮ್ನೆ ಕೇಳಿರ್ಬಹುದಲ್ವಾ?" ಎಂದಳು.

ನಾವಿಬ್ಬರೂ ಅವಳ ಕಡೆ ಕನಿಕರದಿಂದ ನೋಡಿದೆವು. ಆಡಳಿತದ ಸೂಕ್ಷ್ಮಗಳು ಮನೆಯಲ್ಲಿರುವವರಿಗೆ ಎಲ್ಲಿ ತಿಳಿಯಬೇಕು?

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕಿಟಕಿಸೀಟಿನಲ್ಲಿ ಕುಳಿತೆ. ಬೀದಿ ಕಂಡಿತು, ಸೈಕಲ್ ಅಂಗಡಿ ಕಂಡಿತು. ಆಗ ನನ್ನ ತಲೆ ಆ ಹುಡುಗಿಯ ತಲೆಗಿಂತ ಒಂದು ಮೊಳ ಮೇಲಿದೆಯೆಂದು ಹೊಳೆಯಿತು. ಕುರ್ಚಿ ಸರಿಸಿ ನೆಲದ ಮೇಲೆ ಮಲಗಿ, ಕುತ್ತಿಗೆಯನ್ನು ಮಾತ್ರ ಎತ್ತಿದೆ. ಕಸ ಗುಡಿಸುವ ಆಯಾ ಒಳಗೆ ಬಂದವಳು ಪೊರಕೆ ಬಿಟ್ಟು, "ಅಯ್ಯೋ! ಮೇಷ್ಟ್ರೇ! ಯಾರನ್ನಾದ್ರೂ ಕೂಗ್ಲಾ?" ಎಂದು ಚೀರಿದಳು.

"ಕೂಗಬೇಡ. ನಾನು ಮಗು ಆಗಿದ್ದೀನಿ," ಎಂದೆ.

ಅವಳು ಪೊರಕೆ ಎತ್ತಿಕೊಂಡು ಒಂದೊಂದೇ ಹೆಜ್ಜೆ ಹಿಂದಿಟ್ಟು ಹೊರಗೆ ಹೋದಳು. ಆವತ್ತಿನಿಂದ ನಾನಿರುವಾಗ ಅವಳು ಒಬ್ಬಳೇ ಒಳಗೆ ಬಂದಿಲ್ಲ.

ಅಷ್ಟು ಕೆಳಗಿನಿಂದ ನೋಡಿದರೆ ಬೀದಿ ಇಲ್ಲ, ಅಂಗಡಿ ಇಲ್ಲ. ಎದುರು ಕಟ್ಟಡದ ಮಹಡಿ, ಅಲ್ಲೊಂದು ಹಗ್ಗ, ಹಗ್ಗದ ತುಂಬ ಒಣಹಾಕಿದ ಕಾಲುಚೀಲ. ಹಾಡಿನ ಹೊತ್ತಿಗೆ ಕಿಟಕಿಸೀಟನ್ನು ಕಣ್ಣು ಕೀಳದೆ ನೋಡಿದೆ. ಅವಳ ತುಟಿ ಅಲ್ಲಾಡುತ್ತಿತ್ತು, ಬೆರಳು ಮಡಚುತ್ತಿತ್ತು. ನಾಲ್ಕು ದಿನ ನೋಡಿ ಸಮಜಾಯಿಷಿ ಬರೆದೆ:

'ಸದರಿ ಮಗು ಎದುರು ಮಹಡಿಯ ಹಗ್ಗದ ಮೇಲಿನ ಕಾಲುಚೀಲಗಳಲ್ಲಿ ಜೊತೆ ಹುಡುಕುತ್ತಿತ್ತು. ಒಟ್ಟು ಕಾಲುಚೀಲ ಏಳು. ನೀಲಿ ಪಟ್ಟಿಯ ಒಂದಕ್ಕೆ ಜೊತೆ ಇಲ್ಲ. ಈ ಸಂಗತಿ ಸದರಿ ಮಗುವಿಗೆ ಗೊತ್ತು, ಎದುರು ಮನೆಯವರಿಗೆ ಗೊತ್ತಿಲ್ಲ. ಮಗು ಹಾಡದಿದ್ದುದು ನಿಜ. ಎಣಿಸುವಾಗ ಹಾಡಿದರೆ ಲೆಕ್ಕ ತಪ್ಪುತ್ತದೆ ಎಂಬುದು ನನ್ನ ಸೇವಾನುಭವದಿಂದಲೂ ತಿಳಿದ ವಿಷಯ. ದಯವಿಟ್ಟು ಪರಾಂಬರಿಸುವುದು.'

ಮೇಡಂ ಅದನ್ನು ನಿಂತಲ್ಲೇ ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, "ಹ್ಞೂಂ" ಎಂದರು. ಕಾಗದವನ್ನು ಚೀಲದೊಳಗೆ ಜೋಪಾನವಾಗಿ ಇಟ್ಟುಕೊಂಡು ಹೊರಟುಹೋದರು.

"ಏನಂದ್ಲು?" ಎಂದು ಸಂಜೆ ಅಣ್ಣ ಕೇಳಿದರು.

"ಹ್ಞೂಂ ಅಂದ್ರು. ಕಾಗದ ಚೀಲಕ್ಕೆ ಹಾಕ್ಕೊಂಡ್ರು."

"ದಾಖಲೆ ಮಾಡ್ತಿದ್ದಾಳೆ," ಎಂದು ಅಣ್ಣ ಉಸಿರುಬಿಟ್ಟರು. "ದೊಡ್ಡ ಫೈಲೇ ಕಟ್ತಾಳೆ ನೋಡ್ತಿರು."

ಹೀಗೆ ವಾರಕ್ಕೊಂದು ಚೀಟಿ ಬಂತು, ವಾರಕ್ಕೊಂದು ಸಮಜಾಯಿಷಿ ಹೋಯಿತು. ಮನೆಯಲ್ಲಿ ಶನಿವಾರಗಳು ಡಿಪೋ ಕಚೇರಿಯಂತಾದವು. 'ಮರಳಿನ ತೊಟ್ಟಿಯಲ್ಲಿ ಇವತ್ತು ಯಾರು ಯಾರಿಗೆ ಏನು ಕಲಿಸಿದರು?' ಎಂಬ ಚೀಟಿಗೆ ಅಣ್ಣ ಎರಡು ರಾತ್ರಿ ತಲೆ ಕೆಡಿಸಿಕೊಂಡು, "ಪಾಠಾನ ನೀನು ಮಾಡದೆ ಮಕ್ಕಳ ಕೈಲಿ ಮಾಡಿಸ್ತಿದ್ದೀಯ ಅಂತ ಆರೋಪ" ಎಂದು ಅರ್ಥ ಬಿಡಿಸಿದರು. ನಾನು ಮರಳಿನ ತೊಟ್ಟಿಯ ಮುಂದೆ ಪಹರೆ ಕೂತೆ. ಒಂದು ವಿಷಯ ಹೇಳಲೇಬೇಕು: ಹೆದರಿಕೆಯಿಂದ ನೋಡಲು ಶುರು ಮಾಡಿದರೂ ನೋಡುತ್ತಾ ನೋಡುತ್ತಾ ಹೆದರಿಕೆ ಮರೆತೇಹೋಗುತ್ತಿತ್ತು. ಮನೆಗೆ ಬಂದು ಅಣ್ಣನ ಮುಖ ಕಂಡಾಗಲೇ ಮತ್ತೆ ನೆನಪಾಗುವುದು.

ಏಳನೇ ವಾರದ್ದು ಎಲ್ಲಕ್ಕಿಂತ ಕಷ್ಟದ ಚೀಟಿ. ಬುಧವಾರ ಆಟದ ಲಾರಿಗಾಗಿ ಇಬ್ಬರ ನಡುವೆ ಜಗಳವಾಗಿ, ಒಬ್ಬ ಇನ್ನೊಬ್ಬನ ಕೈ ಕಚ್ಚಿದ್ದ. ಚೀಟಿ ಕೇಳಿತು: 'ಜಗಳವಾದಾಗ ಮೊದಲು ಯಾರ ಕಡೆ ನೋಡಿದಿರಿ?'

"ಪಕ್ಷಪಾತ!" ಎಂದು ಅಣ್ಣ ಮೇಜು ಗುದ್ದಿದರು. "ನೇರ ಆರೋಪ! ಸಾಕ್ಷಿ ಬೇಕು ತಮ್ಮಾ. ಎಲ್ಲರ ಹೇಳಿಕೆ ತಗೋ. ಸಹಿ ಹಾಕಿಸ್ಕೊ."

"ಅವರಿಗೆ ಸಹಿ ಬರಲ್ವಲ್ಲಣ್ಣಾ."

"ಹೆಬ್ಬೆಟ್ಟು ಒತ್ತಿಸು!"

ಹೆಬ್ಬೆಟ್ಟಿಗೆ ಮಸಿ ಬೇಕಲ್ಲ. ಬಣ್ಣದ ತಟ್ಟೆ ಇಟ್ಟೆ. ಬಣ್ಣ ಕಂಡ ಮೇಲೆ ಹೆಬ್ಬೆಟ್ಟಿಗೆ ನಿಲ್ಲುವ ಮಕ್ಕಳು ಎಲ್ಲಿದ್ದಾರೆ? ಹೇಳಿಕೆಗೆ ಇಡೀ ಅಂಗೈ ಒತ್ತಿದರು. ಒಬ್ಬಳು ಪಾದವನ್ನೂ ಒತ್ತಿದಳು. ಹೇಳಿಕೆಗಳು ಹೀಗಿದ್ದವು:

'ಸಾಕ್ಷಿ ಒಂದು, ವಯಸ್ಸು ನಾಲ್ಕು: ಅವನು ಲಾರಿ ಕಿತ್ಕೊಂಡ. ನಮ್ಮನೇಲಿ ದೊಡ್ಡ ಲಾರಿ ಇದೆ. ಇಲ್ಲ, ಇಲ್ಲ.'

'ಸಾಕ್ಷಿ ಎರಡು, ವಯಸ್ಸು ಮೂರೂವರೆ: ನಾನು ನೋಡಿಲ್ಲ. ನಾನು ಕಚ್ಚಿಲ್ಲ. ನಾನು ಬಾಳೆಹಣ್ಣು ಕಚ್ಚಿದೆ.'

'ಸಾಕ್ಷಿ ಮೂರು, ವಯಸ್ಸು ಐದು: ಅವನು ದಿನಾ ನಂದು ನಂದು ಅಂತಾನೆ. ಮೆತ್ತಗೆ ಅಂತಾನೆ. ಯಾರಿಗೂ ಕೇಳ್ಸಲ್ಲ. ಆಮೇಲೆ ಕಚ್ಚಿದ.'

ಮೂರನೆಯ ಸಾಕ್ಷಿಯ ಹೇಳಿಕೆ ಬರೆದುಕೊಂಡ ಮೇಲೆ ನನ್ನ ಪೆನ್ನು ಮುಂದೆ ಹೋಗಲಿಲ್ಲ. ಕೊನೆಗೆ ಅಣ್ಣನಿಗೆ ತೋರಿಸದೆಯೇ ಬರೆದುಕೊಟ್ಟೆ: 'ಅಳುತ್ತಿದ್ದವನ ಕಡೆ ಮೊದಲು ನೋಡಿದೆ. ಬಸ್ಸಿನಲ್ಲಿ ಕೂಗಿದವರ ಕಡೆ ತಿರುಗಿ ಅಭ್ಯಾಸ. ಕಚ್ಚಿದವನು ದಿನಾ ಮೆತ್ತಗೆ ಹೇಳುತ್ತಿದ್ದುದನ್ನು ಕೇಳಿಸಿಕೊಳ್ಳಲಿಲ್ಲ. ಆರೋಪ ನಿಜ.'

ಮೇಡಂ ಆ ಬಣ್ಣದ ಅಂಗೈಗಳ ಹಾಳೆಯನ್ನು ತುಂಬ ಹೊತ್ತು ಹಿಡಿದುಕೊಂಡಿದ್ದರು. 'ಆರೋಪ' ಎಂಬ ಪದ ಕಂಡು ಸ್ವಲ್ಪ ನಕ್ಕ ಹಾಗಾಯಿತು. ನಾನು ತಮಾಷೆ ಮಾಡಿದ್ದೇನೆಂದು ಅವರು ತಿಳಿದಿದ್ದರಂತೆ, ಆಮೇಲೆ ಗೊತ್ತಾಯಿತು. ಆವತ್ತು ಮಾತ್ರ ನಾನು ಆ ನಗುವನ್ನು ಕಂಡು, ನೀರಿನ ಟ್ಯಾಂಕಿನ ಬಳಿ ನೆರಳಿದೆಯೋ ಇಲ್ಲವೋ ಎಂದು ಯೋಚಿಸುತ್ತಾ ಮನೆಗೆ ಹೋದೆ.

ಯೋಚನೆಗೆ ಕಾರಣವಿತ್ತು. ಆ ಹೊತ್ತಿಗೆ ಇಪ್ಪತ್ತೊಂದು ಮಕ್ಕಳೂ, ಬಸ್ಸು ಹೊರಡಿಸುವವನಂತೆ ಮಾತುಮಾತಿಗೆ 'ರೈಟ್' ಎನ್ನುವ ನನ್ನನ್ನು 'ರೈಟ್ ಮಾಮ' ಎನ್ನುತ್ತಿದ್ದರು. ಬೆಳಿಗ್ಗೆ ನಾನು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಕಿಟಕಿಯಿಂದ "ರೈಟ್! ರೈಟ್!" ಎಂದು ಕೂಗುವರು. ಆ ಕೂಗು ಇಲ್ಲದ ಬೆಳಗನ್ನು ನೆನೆಸಿಕೊಳ್ಳಲೂ ನನಗಾಗುತ್ತಿರಲಿಲ್ಲ. ಈ ಕೆಲಸ ಹೋದರೆ ನನಗೆ ದುಃಖವಾಗುತ್ತಿತ್ತು, ಅಷ್ಟೇ; ಅದರಲ್ಲಿ ಮುಚ್ಚುಮರೆ ಏನಿದೆ?

ಹನ್ನೆರಡನೆಯ ಚೀಟಿಯ ಜೊತೆ ಇನ್ನೊಂದು ಕಾಗದವೂ ಬಂತು. ಚೀಟಿಯಲ್ಲಿ, 'ಮಂಗಳವಾರ ಬಾಗಿಲಲ್ಲಿ ನಿಲ್ಲುವ ಮಗು ಒಳಗೆ ಬಂತು. ಆಗ ನೀವು ಏನು ಮಾಡುತ್ತಿದ್ದಿರಿ?' ಎಂದಿತ್ತು. ಇನ್ನೊಂದರಲ್ಲಿ, 'ಬರುವ ಶುಕ್ರವಾರ ಸಾಹೇಬರು ಬರುತ್ತಾರೆ. ನಿಮ್ಮ ಉತ್ತರಗಳನ್ನೆಲ್ಲ ಅವರ ಮುಂದೆ ಓದಲಾಗುವುದು' ಎಂದಿತ್ತು.

"ಬಂತು," ಎಂದರು ಅಣ್ಣ. "ವಿಚಾರಣೆ." ಪೆಟ್ಟಿಗೆಯಿಂದ ಹಳೆಯ ಕೋಟು ತೆಗೆದು ಕೊಡವಿದರು. ಆ ಕೋಟು ಹಾಕಿಕೊಂಡು ಅವರು ಹದಿನಾಲ್ಕು ವಿಚಾರಣೆಗಳಲ್ಲಿ ನೌಕರರ ಪರ ವಾದಿಸಿದ್ದರು. ಎಷ್ಟರಲ್ಲಿ ಗೆದ್ದಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಾನು ಬರೆದ ಹನ್ನೆರಡನೆಯ ಸಮಜಾಯಿಷಿಯ ಕೊನೆಯ ಸಾಲನ್ನು ಅಣ್ಣ ಹೊಡೆದುಹಾಕಲು ಹೇಳಿದರು. "ಇದನ್ನ ನೋಡಿದ್ರೆ ದೇವರೇ ಬಂದ್ರೂ ನಿನ್ನ ಉಳಿಸೋಕಾಗಲ್ಲ!"

"ಅದು ನಿಜ ಅಣ್ಣಾ. ನಿಜ ಬರಿ ಅಂದವರು ನೀವೇ."

"ಇಷ್ಟೊಂದು ನಿಜ ಬರಿ ಅಂತ ನಾನು ಹೇಳ್ಲಿಲ್ಲ!"

ಸಾಲು ಉಳಿಯಿತು. ಶುಕ್ರವಾರ ನಾನು, ಅಣ್ಣ, ನಮ್ಮಿಬ್ಬರ ಹಿಂದೆ ನನ್ನ ಹೆಂಡತಿ ಹೊರಟೆವು. "ನೀನ್ಯಾಕೆ?" ಎಂದರೆ, "ನಿಮ್ಮಿಬ್ಬರನ್ನೇ ಕಳಿಸೋಕೆ ನಂಗೇನು ತಲೆ ಕೆಟ್ಟಿದ್ಯಾ?" ಎಂದಳು.

ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಸಾಹೇಬರು ಭಾರಿ ಆಳು. ಕೋಣೆಯಲ್ಲಿದ್ದುದು ಮಕ್ಕಳ ಕುರ್ಚಿಗಳೇ ಆದ್ದರಿಂದ ಅದರಲ್ಲೇ ಕೂತು, ಎರಡು ಮಂಡಿಗಳ ನಡುವಿನಿಂದ ನಮ್ಮನ್ನು ನೋಡುತ್ತಿದ್ದರು. ಮುಂದೆ ಮೋಟು ಮೇಜಿನ ಮೇಲೆ ನನ್ನ ಸಮಜಾಯಿಷಿಗಳ ಕಟ್ಟು. ಮೇಡಂ ಎಂದಿನಂತೆ ಹಿಂದಿನ ಕುರ್ಚಿಯಲ್ಲಿದ್ದರು.

"ಇವರು ಯಾರು?" ಎಂದರು ಸಾಹೇಬರು, ಅಣ್ಣನ ಕೋಟನ್ನು ನೋಡಿ.

"ನೌಕರನ ಪರವಾಗಿ ಬಂದಿದ್ದೀನಿ," ಎಂದರು ಅಣ್ಣ, ಎದೆ ಸೆಟೆಸಿ.

ಸಾಹೇಬರು ಮನೆಯ ಹಿರಿಯರಿರಬೇಕೆಂದು ತಲೆಯಾಡಿಸಿ ನನ್ನ ಕಡೆ ತಿರುಗಿದರು. "ನೇರವಾಗಿ ಹೇಳ್ತೀನಿ ಮೇಷ್ಟ್ರೇ. ನಿಮ್ಮನ್ನ ಇಲ್ಲಿಗೆ ಹಾಕಿದಾಗ ನಂಗೇ ಇಷ್ಟ ಇರ್ಲಿಲ್ಲ. ಮೂರು ವರ್ಷದ ಮಕ್ಕಳಿಗೆ ಕಂಡಕ್ಟರ್ ಏನು ಕಲಿಸ್ತಾನೆ ಅಂತ ಕೆಲವು ತಂದೆತಾಯಿನೂ ಬರೆದಿದ್ರು. ಈಗ ಇವನ್ನೆಲ್ಲ ಓದಿದೆ. ಇವನ್ನ ಬರೆದದ್ದು ನೀವೇನಾ?"

"ಉತ್ತರ ಕೊಡ್ಬೇಡ!" ಎಂದು ಅಣ್ಣ ಕೈ ಅಡ್ಡ ಹಿಡಿದರು. "ಸಾಹೇಬ್ರೇ, ಅವನ್ನ ಒತ್ತಾಯದಿಂದ ಬರೆಸ್ಕೊಂಡಿದ್ದಾರೆ."

"ಒತ್ತಾಯ ಏನು ಬಂತು? ಇಷ್ಟು ಚೆನ್ನಾಗಿವೆ. ಊರಿನ ಎಲ್ಲಾ ಶಿಶುವಿಹಾರಕ್ಕೂ ಒಂದೊಂದು ಪ್ರತಿ ಕಳಿಸ್ಬೇಕು ಅಂತಿದ್ದೀನಿ."

"ಕೇಳಿಸ್ಕೊಂಡ್ಯಾ ತಮ್ಮಾ! ಊರ ತುಂಬ ಮಾನ ಹರಾಜು ಹಾಕ್ತಾರಂತೆ! ಇದು ಯಾವ ನಿಯಮದಲ್ಲಿದೆ? ತಪ್ಪು ಮಾಡಿದ್ರೆ ಒಂದು ಶಿಕ್ಷೆ ಕೊಡಿ, ಎರಡು ಕೊಡೋ ಹಾಗಿಲ್ಲ!"

"ಯಾವ ಶಿಕ್ಷೆ? ಯಾರು ತಪ್ಪು ಮಾಡಿದ್ದು?" ಸಾಹೇಬರು ಏಳಲು ಹೋದರು, ಕುರ್ಚಿಯೂ ಅವರ ಜೊತೆಗೇ ಎದ್ದಿತು. ಮತ್ತೆ ಕೂತರು. "ಮೇಡಂ, ಇವರು ಏನು ಹೇಳ್ತಿದ್ದಾರೆ?"

"ಹನ್ನೆರಡು ಮೆಮೋ!" ಅಣ್ಣ ಬೆರಳೆತ್ತಿ ಹಿಂದಿನ ಕುರ್ಚಿಯ ಕಡೆ ತೋರಿಸಿದರು. "ಹನ್ನೆರಡು ವಾರದಲ್ಲಿ ಹನ್ನೆರಡು ಮೆಮೋ ಕೊಟ್ಟಿದ್ದಾರೆ ಈ ಮೇಡಂ! ನನ್ನ ಇಡೀ ಸರ್ವೀಸ್‌ನಲ್ಲಿ ಇಷ್ಟು ಬಿರುಸಾಗಿ ಯಾವ ಡಿಪೋ ಮ್ಯಾನೇಜರ್ರೂ ಕೊಟ್ಟಿಲ್ಲ!"

ಮೇಡಂ ನಿಧಾನಕ್ಕೆ ಎದ್ದು ಬಂದು ನನ್ನ ಮುಂದೆ ನಿಂತರು.

"ಮೇಷ್ಟ್ರೇ, ಆ ಚೀಟಿಗಳು ಮೆಮೋ ಅಂತ ಅಂದ್ಕೊಂಡಿದ್ರಾ?"

"ಅಲ್ವಾ ಮೇಡಂ?" ಎಂದೆ.

"ನಾನು ಸುಮ್ನೆ ಕೇಳ್ತಿದ್ದೆ," ಎಂದರು ಅವರು.

ನನ್ನ ಹೆಂಡತಿ ನನ್ನನ್ನೂ ಅಣ್ಣನನ್ನೂ ಒಂದೇ ನೋಟದಲ್ಲಿ ನೋಡಿದಳು. ಹನ್ನೆರಡು ವಾರ ಕಾದು ಪಡೆದ ಗೆಲುವನ್ನು ನಿಂತಲ್ಲೇ ಅನುಭವಿಸಿದಳು. ಅಣ್ಣ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.

ಆದರೆ ಸಾಹೇಬರ ಹುಬ್ಬು ಗಂಟಿಕ್ಕಿತ್ತು. "ಒಂದು ನಿಮಿಷ. ಹಾಗಾದ್ರೆ ಇದನ್ನೆಲ್ಲ ಇವರು ಕೆಲಸ ಉಳಿಸ್ಕೊಳ್ಳೋಕೆ, ಹೆದರಿಕೊಂಡು ಬರೆದದ್ದು. ಮಕ್ಕಳ ಮೇಲಿನ ಆಸಕ್ತಿಯಿಂದ ಅಲ್ಲ. ಇದನ್ನ ನಂಬಿ ಖಾಯಂ ಮಾಡೋದು ಹೇಗೆ ಮೇಡಂ?" ಕಟ್ಟನ್ನು ಮುಚ್ಚಿ ಪಕ್ಕಕ್ಕೆ ಸರಿಸಿದರು.

ಅಣ್ಣ ಬಿಚ್ಚಿದ ಗುಂಡಿಗಳನ್ನು ಮತ್ತೆ ಹಾಕತೊಡಗಿದರು. ಮೇಡಂ ಕಟ್ಟಿನ ಮೇಲಿದ್ದ ಹಾಳೆಯನ್ನು ತೆಗೆದು, "ಇವತ್ತು ಬೆಳಿಗ್ಗೆ ಕೊಟ್ಟದ್ದು. ನೀವಿನ್ನೂ ಓದಿಲ್ಲ" ಎಂದು ಗಟ್ಟಿಯಾಗಿ ಓದಿದರು:

'ಸದರಿ ಮಗು ಹನ್ನೊಂದು ವಾರದಿಂದ ಬ್ಯಾಗು ಇಳಿಸದೆ ಬಾಗಿಲಲ್ಲಿ ನಿಲ್ಲುತ್ತಿತ್ತು. ಕರೆದೆ, ಹಾಡಿದೆ, ಕಪ್ಪೆಯಂತೆ ಕುಪ್ಪಳಿಸಿದೆ, ಸೀಟಿ ಊದಿದೆ. ಬರಲಿಲ್ಲ. ಮಂಗಳವಾರ ಹತ್ತೂ ಇಪ್ಪತ್ತಕ್ಕೆ ಮಂಡಿನೋವಿನ ಕಾರಣ ಬಾಗಿಲಿಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತೆ. ಆಗ ನಾನು ಏನೂ ಮಾಡುತ್ತಿರಲಿಲ್ಲವೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಬೆನ್ನಿಗೆ ಏನೋ ತಾಗಿತು. ಬ್ಯಾಗು ಎಂದುಕೊಂಡೆ. ಅದು ಉಸಿರಾಡುತ್ತಿತ್ತು. ಹನ್ನೊಂದು ನಿಮಿಷ ನಾನು ಅಲ್ಲಾಡಲಿಲ್ಲ. ಆ ಅವಧಿಯಲ್ಲಿ ಇಬ್ಬರು ಮಕ್ಕಳು ಮರಳಿಗೆ ನೀರು ಸುರಿದದ್ದನ್ನು ಕಂಡೂ ತಡೆಯಲಿಲ್ಲ. ಇದು ಕರ್ತವ್ಯಲೋಪ. ಅದೇ ಸಂದರ್ಭ ಇನ್ನೊಮ್ಮೆ ಬಂದರೆ ಇದೇ ತಪ್ಪನ್ನು ಇನ್ನೊಮ್ಮೆ ಮಾಡುತ್ತೇನೆಂದು ತಿಳಿಸಲು ವಿಷಾದಿಸುತ್ತೇನೆ.'

ಓದಿ ಮುಗಿಸಿ ಮೇಡಂ ಹಾಳೆಯನ್ನು ಸಾಹೇಬರ ಮುಂದಿಟ್ಟರು.

"ಸಾಹೇಬ್ರೇ, ಹೆದರಿಕೊಂಡು ಬರೀಬಹುದು. ಆದ್ರೆ ಹೆದರಿಕೊಂಡು ಹನ್ನೊಂದು ನಿಮಿಷ ಹಾಗೆ ಕೂರೋಕಾಗಲ್ಲ. ಕೆಲಸ ಹೋಗುತ್ತೆ ಅಂತ ತಿಳಿದೂ ಆ ಕೊನೇ ಸಾಲು ಬರೆದಿದ್ದಾರೆ. ಬೆನ್ನು ಕೊಟ್ಟು ಕಾಯೋದನ್ನ ಹೊಸ ಮೇಷ್ಟ್ರುಗಳಿಗೆ ಹೇಳ್ಕೊಡೋಕೆ ನಾನು ಒಂಬತ್ತು ವರ್ಷದಿಂದ ಒದ್ದಾಡ್ತಿದ್ದೀನಿ. ನಂಗೆ ಬಂದಿಲ್ಲ."

ಆಮೇಲೆ ಅವರು ಮಾಡಿದ ಕೆಲಸವನ್ನು ನಾನು ಯಾವ ಮೇಲಧಿಕಾರಿಯೂ ಮಾಡಿದ್ದನ್ನು ಕಂಡಿಲ್ಲ. ಹಿಂದಿನ ಕುರ್ಚಿಗೆ ಹೋಗಿ ಕೂತರು. ಪುಸ್ತಕದಿಂದ ಒಂದು ಚೀಟಿ ಹರಿದರು, ಪೆನ್ಸಿಲಿನಲ್ಲಿ ಬರೆದರು, ಮಡಿಸಿದರು, ಎದ್ದು ಬಂದು ಎರಡು ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಬಿಡಿಸಿ ಓದಿದೆ:

'ಸಮಜಾಯಿಷಿ. ಹನ್ನೆರಡು ವಾರ ಈ ಕೋಣೆಯಲ್ಲಿ ಕೂತು ಇಪ್ಪತ್ತೊಂದು ಮಕ್ಕಳನ್ನು ನೋಡಿದೆ. ಇಪ್ಪತ್ತೆರಡನೆಯವರೊಬ್ಬರು ಇಲ್ಲೇ ಹೆದರಿಕೊಂಡು ನಿಂತಿದ್ದರು. ಅವರನ್ನು ನೋಡಲಿಲ್ಲ. ತಪ್ಪು ನನ್ನದು.'

ಅಣ್ಣ ನನ್ನ ಭುಜದ ಮೇಲಿಂದ ಇಣುಕಿ ಓದಿ, ಕೋಟಿನ ತೋಳಿನಿಂದಲೇ ಮೂಗು ಒರೆಸಿಕೊಂಡರು. "ತಮ್ಮಾ," ಎಂದು ಕಿವಿಯಲ್ಲಿ ಪಿಸುಗುಟ್ಟಿದರು, "ಇದಕ್ಕೆ ಷರಾ ಬರೀಬೇಕು. ಬ್ಯಾರೆ ದಾರಿ ಇಲ್ಲ. ನಿಯಮ."

ಸಾಹೇಬರು ಜೇಬಿನಿಂದ ತಮ್ಮ ಪೆನ್ನು ತೆಗೆದು ನನ್ನ ಮುಂದೆ ಚಾಚಿದರು. ಮೋಟು ಮೇಜಿನ ಮುಂದೆ ಮಂಡಿಯೂರಿ, ಚೀಟಿಯ ಕೆಳಗೆ ಬರೆದೆ: 'ಸಮಜಾಯಿಷಿ ಒಪ್ಪಿದೆ. ಕ್ರಮ ಬೇಕಿಲ್ಲ.' ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಈ ನಾಲ್ಕು ಪದಗಳನ್ನು ಯಾರಾದರೂ ನನ್ನ ಕಾಗದದ ಮೇಲೆ ಬರೆಯಲಿ ಎಂದು ಕಾದಿದ್ದೆ. ಇನ್ನೊಬ್ಬರ ಕಾಗದದ ಮೇಲೆ ಬರೆಯುವುದರಲ್ಲಿ ಇಷ್ಟು ಸುಖವಿದೆಯೆಂದು ಗೊತ್ತಿರಲಿಲ್ಲ.

ಸಾಹೇಬರು ಪೆನ್ನು ವಾಪಸ್ಸು ಇಸಿದುಕೊಂಡು, ಫೈಲು ತೆರೆದು, ನನ್ನ ಖಾಯಂ ಆದೇಶಕ್ಕೆ ಸಹಿ ಮಾಡಿದರು. ಕುರ್ಚಿಯಿಂದ ಅವರನ್ನು ಬಿಡಿಸಲು ನಾನು, ಅಣ್ಣ, ನನ್ನ ಹೆಂಡತಿ ಮೂವರೂ ಕೈಹಾಕಬೇಕಾಯಿತು.

ಅವರು ಹೋದ ಮೇಲೆ ಮೇಡಂ ಚೀಟಿಯನ್ನು ಮತ್ತೆ ನನ್ನ ಮುಂದೆ ಇಟ್ಟರು. "ಮೇಷ್ಟ್ರೇ, ಷರಾ ಬರೆದ್ರಿ. ಕೆಳಗೆ ಸಹಿ, ಹುದ್ದೆ ಏನೂ ಹಾಕಿಲ್ಲ."

ಅವರ ಪೆನ್ಸಿಲ್ ತೆಗೆದುಕೊಂಡು ಸಹಿ ಹಾಕಿದೆ. ಹನ್ನೆರಡು ಸಮಜಾಯಿಷಿಗಳಲ್ಲೂ ಸಹಿಯ ಕೆಳಗೆ ಅಭ್ಯಾಸಬಲದಿಂದ 'ಕಂಡಕ್ಟರ್' ಎಂದೇ ಬರೆದಿದ್ದೆನಂತೆ. ಮೇಡಂ ಒಂದು ಸಲವೂ ತಿದ್ದಿರಲಿಲ್ಲ. ಈಗಲೂ ಪೆನ್ಸಿಲನ್ನು ನನ್ನ ಕೈಯಲ್ಲೇ ಬಿಟ್ಟು ಕಾದರು. ಅವರಿಗೆ ಅವಸರವಿರಲಿಲ್ಲ. ನಾನು ಸ್ವಲ್ಪ ಹೊತ್ತು ಯೋಚಿಸಿ, ಅಕ್ಷರ ಕಲಿಯುವ ಮಕ್ಕಳು ಬರೆಯುವಷ್ಟೇ ದೊಡ್ಡದಾಗಿ 'ಶಿಕ್ಷಕ' ಎಂದು ಬರೆದೆ.